ಎರಡು ಸಲ ಒತ್ತುವ ಪದ್ಧತಿ

ಕಾರು ಓಡಿಸುವುದನ್ನು ಕಲಿಸುತ್ತಿದ್ದ ಮೇಷ್ಟ್ರಿಗೆ ಕಾರಿನ ಬಗ್ಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ, ಅದರ ಕೆಳಗೆ ಏನಿದೆ ಎನ್ನುವುದೊಂದನ್ನು ಬಿಟ್ಟು. ಆ ಕೊರತೆಯನ್ನು ಅವರು ಮಾತಿನಿಂದ ತುಂಬಿಕೊಂಡಿದ್ದರು. ಅವರ ಡ್ರೈವಿಂಗ್ ಸ್ಕೂಲೆಂದರೆ ಮುಖ್ಯರಸ್ತೆಯ ಬದಿಯ ಒಂದು ಕೋಣೆ. ಒಂದು ಮೇಜು, ಗೋಡೆಗೆ ಒರಗಿಸಿದ ಬೆಂಚು, ಬಿಸಿಲಿಗೆ ಬಣ್ಣ ಕಳೆದುಕೊಂಡು ಕೆಂಪು ದೀಪವೂ ಹಸಿರು ದೀಪವೂ ಒಂದೇ ಥರ ಕಾಣುತ್ತಿದ್ದ ರಸ್ತೆ ಚಿಹ್ನೆಗಳ ಪಟ, ಮತ್ತು ಹೊಸ ವಿದ್ಯಾರ್ಥಿ ಹೊಸ್ತಿಲು ದಾಟಿದ ಕೂಡಲೇ ಸುರುವಾಗುವ ಭಾಷಣ.

"ಆಕ್ಸಿಲರೇಟರ್ ಯಾರು ಬೇಕಾದ್ರೂ ಒತ್ತಬಹುದು. ಮನುಷ್ಯ ಎಂಥವನು ಅಂತ ಗೊತ್ತಾಗೋದು ಬ್ರೇಕ್ ಒತ್ತುವಾಗ!"

ಈ ಮಾತನ್ನು ಅವರು ಎಷ್ಟು ಸಲ ಆಡಿದ್ದರೆಂದರೆ, ಮೇಜಿನ ಹಿಂದೆ ಕೂತು ಅರ್ಜಿಗಳನ್ನು ನೋಡಿಕೊಳ್ಳುತ್ತಿದ್ದ ಅವರ ಹೆಂಡತಿ ತಲೆ ಎತ್ತದೆಯೇ ಸರಿಯಾಗಿ 'ಒತ್ತುವಾಗ' ಎಂಬಲ್ಲಿಗೆ ರಬ್ಬರ್ ಸ್ಟಾಂಪ್ ಒತ್ತುತ್ತಿದ್ದಳು.

ಇಂಥ ಮೇಷ್ಟ್ರ ಕಾರಿನ ಬ್ರೇಕೇ ಮೆತ್ತಗಾಗಿಬಿಟ್ಟಿತು.

ಆದದ್ದು ಹೀಗೆ. ಮುಂದಿನ ಚಕ್ರಗಳು ಕಿರುಗುಟ್ಟತೊಡಗಿದವು. ಹಿಂದಿನ ಬೀದಿಯಲ್ಲೇ ಭಾಮೈದನ ಗ್ಯಾರೇಜಿತ್ತು. ಹೆಂಡತಿಯ ಒಡಹುಟ್ಟಿದ ತಮ್ಮ ಗ್ಯಾರೇಜಿಟ್ಟುಕೊಂಡು ಕೂತಿರುವಾಗ ಕಾರನ್ನು ಬೇರೆಯವರ ಕೈಗೆ ಕೊಡುವಷ್ಟು ಧೈರ್ಯ ಯಾವ ಗಂಡನಿಗಿದೆ? ಭಾಮೈದ ಬಹುಮುಖ ಪ್ರತಿಭಾವಂತ. ಗ್ಯಾರೇಜಿಗೂ ಮೊದಲು ಫೋಟೊ ಸ್ಟುಡಿಯೊ ನಡೆಸಿ ಮುಚ್ಚಿದ್ದ, ಅದಕ್ಕೂ ಮೊದಲು ಬಣ್ಣದ ಮೀನುಗಳ ಅಂಗಡಿ ಇಟ್ಟು, ಮೀನುಗಳ ಸಮೇತ ಮುಗಿಸಿದ್ದ. ಅವನು ಮುಂದಿನ ಎರಡೂ ಚಕ್ರಗಳ ಕ್ಯಾಲಿಪರ್ ಬಿಚ್ಚಿದ. ಕ್ಯಾಲಿಪರ್ ಎಂದರೆ ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡೂ ಬದಿಯಿಂದ ಹಿಡಿದು ನಿಲ್ಲಿಸುವ ಕಬ್ಬಿಣದ ಮುಷ್ಟಿ. ಎರಡನ್ನೂ ಒಂದೇ ಬಾಣಲೆಯಲ್ಲಿ ಹಾಕಿ ತೊಳೆದು, ಹೊಸ ರಬ್ಬರ್ ಹಾಕಿ, ತಿರುಗಿ ಕೂರಿಸಿ, ಬಟ್ಟೆಗೆ ಕೈ ಒರೆಸಿಕೊಳ್ಳುತ್ತ, "ಭಾವ, ಇನ್ನು ಬೆಣ್ಣೆ ಥರ ಇರುತ್ತೆ ನೋಡಿ" ಎಂದ.

ಮಾತಿಗೆ ತಪ್ಪಲಿಲ್ಲ. ಪೆಡಲು ಬೆಣ್ಣೆಯ ಥರವೇ ಇತ್ತು. ಕಾಲಿಟ್ಟರೆ ಕಾಲು ಹಾಗೇ ಒಳಗೆ ಇಳಿಯುತ್ತಿತ್ತು. ಮೊದಲ ಸಲ ಒತ್ತಿದರೆ ಕಾರು ಏನೋ ಯೋಚನೆಯಲ್ಲಿದ್ದಂತೆ ನಿಧಾನ ಮಾಡುತ್ತಿತ್ತು, ಅಷ್ಟೆ. ಬಿಟ್ಟು ಇನ್ನೊಂದು ಸಲ ಒತ್ತಿದರೆ ಆಗ ಪೆಡಲು ಗಟ್ಟಿಯಾಗಿ ಕಾಲಿಗೆ ಸಿಕ್ಕಿ, ಕಾರು ನಿಲ್ಲುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಗಾಡಿ ತಿರುಗಿಸಿ ಗ್ಯಾರೇಜಿಗೆ ನುಗ್ಗುತ್ತಿದ್ದರು. ಮೇಷ್ಟ್ರು ನುಗ್ಗಲಿಲ್ಲ. ಕಾರಣ ಹಳೆಯದು. ಅವರ ಮದುವೆಯ ಫೋಟೊಗಳನ್ನು ತೆಗೆದವನು ಇದೇ ಭಾಮೈದ. ಅವುಗಳಲ್ಲಿ ಎಲ್ಲರ ಬಟ್ಟೆಬರೆ ಸ್ಪಷ್ಟವಾಗಿ ಬಂದಿತ್ತು, ಒಂದನ್ನು ಬಿಟ್ಟರೆ ತಲೆಗಳು ಬಂದಿರಲಿಲ್ಲ. ಹೊಸ ಅಳಿಯ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಸ ಹೆಂಡತಿ ಮಾತು ಬಿಟ್ಟಳು. ಆ ಮೌನ ಎಷ್ಟು ದಿನ ನಡೆಯಿತೆಂದರೆ, ಮೇಷ್ಟ್ರು ಕೊನೆಕೊನೆಗೆ ಕನ್ನಡಿಯ ಮುಂದೆ ನಿಂತು ತಮ್ಮೊಂದಿಗೇ ಮಾತಾಡಿಕೊಳ್ಳುವುದನ್ನು ರೂಢಿಸಿಕೊಂಡರು. ಅಂದಿನಿಂದ ಭಾಮೈದನ ಕೈಕೆಲಸದ ಬಗ್ಗೆ ಬಾಯಿಗೆ ಬೀಗ. ಬ್ರೇಕ್ ಮೆತ್ತಗಿದೆ ಎಂದರೆ ತವರಿನವರನ್ನು ಆಡಿಕೊಂಡಂತೆ. ರಸ್ತೆಯ ಅಪಾಯವಾದರೆ ಹೊರಗಡೆಯದು, ಮನೆಯದು ದಿನವೂ ಎದುರಿಗೆ ಕೂತು ಊಟ ಬಡಿಸುವಂಥದ್ದು. ಎರಡನ್ನೂ ತೂಗಿ ನೋಡಿ ಮೇಷ್ಟ್ರು ರಸ್ತೆಯನ್ನೇ ಆರಿಸಿಕೊಂಡರು.

ಆದರೆ ವಿದ್ಯಾರ್ಥಿಗಳಿಗೆ ಏನಾದರೂ ಹೇಳಬೇಕಲ್ಲ. ಮೇಷ್ಟ್ರು ಒಂದು ರಾತ್ರಿ ಕಳೆದು ಬೆಳಗಾಗುವುದರೊಳಗೆ ಒಂದು ಸಿದ್ಧಾಂತವನ್ನು ಹೆತ್ತರು.

"ನೋಡಿ, ದಡ್ಡರು ಬ್ರೇಕನ್ನ ಒಂದೇ ಸಲ ಒತ್ತುತ್ತಾರೆ. ತಿಳಿದವರು ಎರಡು ಸಲ. ಮೊದಲನೇದು ಕಾರಿಗೆ ಸೂಚನೆ, ಎರಡನೇದು ಆಜ್ಞೆ. ಸೂಚನೆ ಇಲ್ಲದೆ ಆಜ್ಞೆ ಮಾಡಬಾರದು. ಇದು ನಮ್ಮ ಸ್ಕೂಲಿನ ಪದ್ಧತಿ."

ವಿದ್ಯಾರ್ಥಿಗಳು ತಲೆದೂಗಿದರು. ಕಾಲೇಜು ಹುಡುಗಿಯರು, ಹಾಲಿನ ಡೈರಿಯ ಗುಮಾಸ್ತ, ಹೊಸದಾಗಿ ಕಾರು ಕೊಂಡ ದರ್ಜಿ, ಎಲ್ಲರೂ ಸೂಚನೆ ಕೊಟ್ಟು ಆಜ್ಞೆ ಮಾಡತೊಡಗಿದರು. ಹತ್ತಿರದ ಬೀದಿಗಳಲ್ಲಿ ಕಾರುಗಳು ಬಿಕ್ಕಳಿಸುತ್ತ ನಿಲ್ಲುವುದು ಹೊಸ ಫ್ಯಾಷನ್ನಿನಂತೆ ಹರಡಿತು. ದಿನ ಕಳೆದ ಹಾಗೆ ಮೇಷ್ಟ್ರಿಗೇ ತಮ್ಮ ಸಿದ್ಧಾಂತದ ಮೇಲೆ ಗೌರವ ಹುಟ್ಟಿತು. ಇದನ್ನು ಇಷ್ಟು ದಿನ ಯಾರೂ ಕಂಡುಹಿಡಿಯಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ಲೋಕದ ಬಗ್ಗೆ ಮರುಗಿದರು.

ತಲೆದೂಗದೇ ಇದ್ದವಳು ಒಬ್ಬಳೇ, ನರ್ಸಮ್ಮ. ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತಿಯಾದ ಹೆಂಗಸು. "ಎಲ್ಲಿಗೆ ಬೇಕಾದ್ರೂ ನಾನು ಕರ್ಕೊಂಡ್ ಹೋಗ್ತೀನಿ ಅತ್ತೆ" ಎಂದ ಸೊಸೆಯ ಮಾತನ್ನು ನಂಬಿ, ಸೀರೆಯುಟ್ಟು ಕೈಚೀಲ ಹಿಡಿದು ಬಾಗಿಲಲ್ಲಿ ಕಾದೂ ಕಾದೂ ಸಾಕಾಗಿ, ತಾನೇ ಕಲಿಯಲು ಬಂದಿದ್ದಳು. ಮೊದಲ ದಿನವೇ ಪೆಡಲಿನ ಮೇಲೆ ಕಾಲಿಟ್ಟು ಹುಬ್ಬು ಗಂಟಿಕ್ಕಿದಳು.

"ಮೇಷ್ಟ್ರೇ, ಬ್ರೇಕ್ ಮೆತ್ತಗಿದೆ."

"ಮೆತ್ತಗಿರೋದು ಬ್ರೇಕಲ್ಲಮ್ಮ, ನಿಮ್ಮ ಕಾಲು. ವಯಸ್ಸಾಯ್ತಲ್ಲ."

"ನನ್ನ ಕಾಲಿಗೇನಾಗಿದೆ? ಜನ್ಮ ಪೂರ್ತಿ ವಾರ್ಡಿನಲ್ಲಿ ನಿಂತ ಕಾಲಿದು. ಮೊದಲನೇ ಸಲ ಒತ್ತಿದ್ರೆ ಊದಿಕೊಂಡ ಪಾದ ಒತ್ತಿದ ಹಾಗಿದೆ."

"ಅದಕ್ಕೇ ಎರಡು ಸಲ ಒತ್ತೋದು. ಪದ್ಧತಿ."

"ಪದ್ಧತಿನೋ ರೋಗನೋ?"

ಮೇಷ್ಟ್ರು ಕಿಟಕಿಯ ಆಚೆ ನೋಡುತ್ತ, "ಇಂಡಿಕೇಟರ್ ಹಾಕಿ" ಎಂದರು. ಉತ್ತರವಿಲ್ಲದ ಪ್ರಶ್ನೆಗಳಿಗೆಲ್ಲ ಅವರು ಕೊಡುತ್ತಿದ್ದ ಉತ್ತರವದು.

ಹೀಗೇ ನಡೆದು ನರ್ಸಮ್ಮನ ಪರೀಕ್ಷೆಯ ದಿನ ಬಂತು. ಪರೀಕ್ಷೆಯ ಮೈದಾನದಲ್ಲಿ ಸುಣ್ಣದ ಗೆರೆಗಳು, ಶಂಕುವಿನ ಆಕಾರದ ಕೆಂಪು ಪ್ಲಾಸ್ಟಿಕ್ ಟೋಪಿಗಳು, ಮೂಲೆಯಲ್ಲಿ ದೊಡ್ಡ ಕೊಡೆಯ ಕೆಳಗೆ ಪರೀಕ್ಷಾಧಿಕಾರಿಯ ಮೇಜು. ಮೇಜಿನ ಮೇಲೆ ನೀರಿನ ಬಾಟಲಿ, ಊಟದ ಡಬ್ಬಿ. ಅಧಿಕಾರಿ ನಗುವುದನ್ನು ಯಾರೂ ನೋಡಿರಲಿಲ್ಲ. ಸಂಬಳದ ದಿನ ಮನೆಯಲ್ಲಿ ನಗುತ್ತಾರೆಂದು ಸುದ್ದಿಯಿತ್ತು. ಮೇಷ್ಟ್ರು ಮತ್ತು ಅರ್ಜಿಗಳನ್ನು ಹಿಡಿದು ಬಂದಿದ್ದ ಅವರ ಹೆಂಡತಿ ಬೇಲಿಯ ಪಕ್ಕ ನಿಂತರು. ಅಧಿಕಾರಿ ಮೇಷ್ಟ್ರ ಸೀಟಿನಲ್ಲಿ, ಮೇಷ್ಟ್ರ ಕಾಲಿಗೆಂದೇ ಜೋಡಿಸಿದ್ದ ಎರಡನೆಯ ಬ್ರೇಕ್ ಪೆಡಲಿನ ಮುಂದೆ ಕೂತರು.

ನರ್ಸಮ್ಮ ಚೆನ್ನಾಗಿಯೇ ಓಡಿಸಿದಳು. ಗೆರೆ ಬಂದಾಗ ಸೂಚನೆ ಕೊಟ್ಟು, ಆಜ್ಞೆ ಮಾಡಿ ನಿಲ್ಲಿಸಿದಳು.

"ಯಾಕಮ್ಮ ಎರಡೆರಡು ಸಲ ಒತ್ತುತ್ತೀರಿ?" ಅಧಿಕಾರಿ ಕೇಳಿದರು. "ಬೆಳಿಗ್ಗೆ ಒಬ್ಬ ಟೈಲರ್ ಬಂದಿದ್ದ, ಅವನೂ ಹೀಗೇ."

"ಪದ್ಧತಿಯಂತೆ. ಮೇಷ್ಟ್ರು ಹೇಳ್ಕೊಟ್ಟಿದ್ದು."

"ಯಾವ ಸೀಮೆ ಪದ್ಧತಿ ಅದು! ನೇರವಾಗಿ ಹೋಗಿ, ನನ್ನ ಮೇಜಿನ ಮುಂದೆ ನಿಲ್ಸಿ. ಒಂದೇ ಸಲ ಒತ್ತಬೇಕು. ಎರಡನೇ ಸಲ ಒತ್ತಿದ್ರೆ ಫೇಲ್."

ಜನ್ಮವಿಡೀ ಡಾಕ್ಟರುಗಳ ಆಜ್ಞೆಯನ್ನು ಕೇಳಿದ್ದ ನರ್ಸಮ್ಮ ಈ ಆಜ್ಞೆಯನ್ನೂ ಕೇಳಿದಳು. ಮೇಜು ಹತ್ತಿರವಾದಾಗ ಒಂದೇ ಸಲ ಒತ್ತಿದಳು. ಪೆಡಲು ಇಳಿಯಿತು. ಕಾರು ಯೋಚನೆ ಮಾಡಿತು. "ಒತ್ತಿ! ಒತ್ತಿ!" ಎಂದು ಅಧಿಕಾರಿ ಕಿರುಚಿ ತಾವೂ ತಮ್ಮ ಪೆಡಲನ್ನು ತುಳಿದರು. ಅದೂ ನರ್ಸಮ್ಮನದಕ್ಕೇ ಅಂಟಿಕೊಂಡದ್ದು, ಅವರ ಕಾಲಿಗೆ ಸಿಗುವ ಮೊದಲೇ ಕೆಳಗೆ ಹೋಗಿ ಕೂತಿತ್ತು. ಕಾರು ಅವಸರವಿಲ್ಲದೆ, ಮರ್ಯಾದೆಯಿಂದ ಮುಂದುವರಿದು ಮೇಜಿಗೆ ಮುತ್ತಿಟ್ಟಿತು. ಮೇಜು ಮಗುಚಿತು. ಕೊಡೆ ಬಾನೆಟ್ಟಿನ ಮೇಲೆ ಕವುಚಿಕೊಂಡಿತು. ಊಟದ ಡಬ್ಬಿ ಉರುಳುತ್ತ ಉರುಳುತ್ತ ಬೇಲಿಯವರೆಗೂ ಬಂದು ಮೇಷ್ಟ್ರ ಕಾಲ ಬುಡದಲ್ಲಿ ನಿಂತಿತು. ಆ ದಿನ ಆ ಮೈದಾನದಲ್ಲಿ ಸರಿಯಾದ ಜಾಗದಲ್ಲಿ ನಿಂತದ್ದು ಅದೊಂದೇ.

ಯಾರಿಗೂ ಏನೂ ಆಗಲಿಲ್ಲ. ಆದರೆ ಮೇಷ್ಟ್ರ ಕಣ್ಣು ಮಗುಚಿದ ಮೇಜಿನ ಹಿಂದಿದ್ದ ಖಾಲಿ ಕುರ್ಚಿಯ ಮೇಲೆ ನಿಂತಿತು. ಅಲ್ಲಿ ದಿನವೂ ಅಧಿಕಾರಿಯ ಗುಮಾಸ್ತ ಕುಳಿತಿರುತ್ತಿದ್ದ. ಅವತ್ತು ನೀರು ಕುಡಿಯಲು ಎದ್ದುಹೋಗಿದ್ದ.

ಅಧಿಕಾರಿ ಇಳಿದು ಬಂದರು. "ಮೇಷ್ಟ್ರೇ, ನಾನೇ ಒತ್ತಿ ನೋಡಿದೆ. ಸ್ಪಂಜು ಅದು, ಬ್ರೇಕಲ್ಲ. ರಿಪೇರಿ ಮಾಡ್ಸಿ ತೋರಿಸೋವರೆಗೂ ಈ ಕಾರು ಮತ್ತೆ ಈ ಗೇಟಿನೊಳಗೆ ಬರಬಾರದು. ನಿಮ್ಮ ಪದ್ಧತಿನೂ."

ಮೇಷ್ಟ್ರು ವಾರೆಗಣ್ಣಿನಿಂದ ಹೆಂಡತಿಯ ಮುಖ ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ. "ಗ್ಯಾರೇಜಿಗೆ ನಡೀರಿ. ನಾನು ಬಸ್ಸಲ್ಲಿ ಬರ್ತೀನಿ" ಎಂದಷ್ಟೇ ಹೇಳಿ ಅವಳು ಹೊರಟುಬಿಟ್ಟಳು. ಮುಗಿಯಿತು, ಮಾತು ಬಿಡುವ ಕಾಲ ಬಂತು ಎಂದುಕೊಂಡರು ಮೇಷ್ಟ್ರು. ಮೊದಲ ಗೇರಿನಲ್ಲಿ, ಹ್ಯಾಂಡ್‌ಬ್ರೇಕಿನ ಹಿಡಿ ಬಿಡದೆ, ತೆವಳುತ್ತ ಗ್ಯಾರೇಜು ಸೇರಿದರು. ನರ್ಸಮ್ಮ ಕಾರಿನ ಪಕ್ಕದಲ್ಲೇ ನಡೆದು ಬಂದಳು, ಅವರಿಗಿಂತ ಮೊದಲೇ ತಲುಪಿದಳು.

ಗ್ಯಾರೇಜಿನಲ್ಲಿ ಭಾಮೈದ ಸ್ಟೂಲಿನ ಮೇಲೆ ಕೂತು ಯಾರದೋ ಹಾರನ್ನನ್ನು ಬಿಚ್ಚುತ್ತಿದ್ದ. ವಿಷಯ ಕೇಳಿ ನಕ್ಕ. "ಹೊಸ ರಬ್ಬರ್ ಭಾವ. ಹೊಂದ್ಕೊಳ್ಳೋಕೆ ಸ್ವಲ್ಪ ಟೈಮ್ ಬೇಕು. ಮನುಷ್ಯರಿಗೇ ಬೇಕು."

"ಮೇಜು ಬಿದ್ದಿದೆ ಕಣೋ" ಎಂದಳು ಅಕ್ಕ, ಬಾಗಿಲಲ್ಲಿ. ಬಸ್ಸು ಬೇಗ ಸಿಕ್ಕಿತ್ತು. "ನೋಡು ಮೊದಲು. ನಮ್ಮೆಲ್ಲರ ಎದುರಿಗೆ."

ಭಾಮೈದ ನೋಡಲು ಎದ್ದ. ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಡಬ್ಬಿ ತೋರಿಸಿದ. ಆಯಿಲು ಗೆರೆಯವರೆಗೂ ಇತ್ತು. ನಾಲ್ಕೂ ಚಕ್ರಗಳ ಹಿಂದೆ ಕೈ ಹಾಕಿ ಸವರಿದ. ಎಲ್ಲೂ ಒದ್ದೆಯಿಲ್ಲ, ಸೋರಿಕೆಯಿಲ್ಲ. ಇಂಜಿನ್ ಚಾಲೂ ಮಾಡಿ, ಪೆಡಲನ್ನು ಒತ್ತಿ ಹಿಡಿದು ಕೂತ. ಅದು ಇನ್ನಷ್ಟು ಇಳಿದಿದ್ದರೆ ಒತ್ತಡ ಹುಟ್ಟಿಸುವ ಮಾಸ್ಟರ್ ಸಿಲಿಂಡರ್ ಒಳಗೆ ಸವೆದಿದೆ ಎಂದು ಅರ್ಥ, ಆಗ ತಪ್ಪನ್ನು ಕಾರು ಮಾಡಿದ ಕಂಪನಿಯ ತಲೆಗೆ ಕಟ್ಟಬಹುದಿತ್ತು. ಪೆಡಲು ದ್ರೋಹ ಬಗೆದು ಅಲ್ಲೇ ನಿಂತಿತು. ಬಿಟ್ಟು ಬಿಟ್ಟು ಒತ್ತಿದ. ಪ್ರತಿ ಸಲವೂ ಗಟ್ಟಿಯಾಗುತ್ತ ಬಂತು.

"ಒಳಗೆ ಗಾಳಿ ಇದೆ" ಎಂದಳು ನರ್ಸಮ್ಮ.

"ಗಾಳಿನಾ? ಆಂಟಿ, ಗಾಳಿನ ನಾನೇ ಕೈಯಾರೆ ತೆಗ್ದಿದೀನಿ. ಒಂದೇ ಒಂದು ಗುಳ್ಳೆ ಬರ್ಲಿಲ್ಲ."

ಬೇಕಾದರೆ ನೋಡಿ ಎಂದು ಚಕ್ರ ಬಿಚ್ಚಿದ. ಕ್ಯಾಲಿಪರಿನಲ್ಲಿ ಗಾಳಿ ಬಿಡಲೆಂದೇ ಇರುವ ಸಣ್ಣ ನಿಪ್ಪಲಿಗೆ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಆಯಿಲಿದ್ದ ಬಾಟಲಿಯಲ್ಲಿ ಮುಳುಗಿಸಿ, ಭಾವನನ್ನು ಪೆಡಲು ಒತ್ತಲು ಕೂರಿಸಿದ. ಆಯಿಲು ಬಂತು. ಗುಳ್ಳೆ ಬರಲಿಲ್ಲ. "ನೋಡಿದ್ರಾ? ಗಂಗೆ ಥರ ಇದೆ."

"ಗುಳ್ಳೆ ಬರ್ಲಿಲ್ಲ ಅಂದ್ರೆ ಇಲ್ಲ ಅಂತಲೇ ಯಾಕಾಗಬೇಕು?" ನರ್ಸಮ್ಮ ಬಿಡಲಿಲ್ಲ. "ಬರೋಕೆ ದಾರಿ ಸಿಗ್ಲಿಲ್ಲ ಅಂತಾನೂ ಆಗಬಹುದು. ಗಾಳಿ ಮೇಲಕ್ಕೆ ಹೋಗುತ್ತಪ್ಪ. ನೀನು ಎಲ್ಲಿಂದ ತೆಗೀತಿದೀಯ?"

ಭಾಮೈದ ಏನೋ ಹೇಳಲು ಬಾಯಿ ತೆರೆದು, ಕ್ಯಾಲಿಪರಿನ ಕಡೆ ನೋಡಿ, ಬಾಯಿ ಮುಚ್ಚಿದ. ಎದ್ದು ಆ ಕಡೆಯ ಚಕ್ರದ ಹತ್ತಿರ ಹೋಗಿ ಬಗ್ಗಿದ. ಅಲ್ಲಿಯ ನಿಪ್ಪಲನ್ನೂ ಬೆರಳಿನಿಂದ ಹುಡುಕಿ ಮುಟ್ಟಿ ನೋಡಿದ. ಆಮೇಲೆ ತುಂಬ ವಿನಯದಿಂದ, "ಸ್ವಲ್ಪ ಧೂಳಿದೆ, ಕ್ಲೀನ್ ಮಾಡ್ಬಿಡ್ತೀನಿ. ನೀವೆಲ್ಲ ಹೋಗಿ ಕಾಫಿ ಕುಡಿದು ಬನ್ನಿ" ಎಂದ.

ಯಾರೂ ಕಾಫಿಗೆ ಹೋಗಲಿಲ್ಲ. ಮೇಷ್ಟ್ರು ಕಾರಿನಿಂದ ಇಳಿದು, ಇಸ್ತ್ರಿ ಅಂಗಿಯಲ್ಲೇ ನೆಲದ ಮೇಲೆ ಮಲಗಿ, ಜೀವಮಾನದಲ್ಲಿ ಮೊದಲ ಬಾರಿಗೆ ತಮ್ಮ ಕಾರಿನ ಕೆಳಗನ್ನು ನೋಡಿದರು. ಜಿಡ್ಡು, ಧೂಳು, ಒಂದು ಒಣಗಿದ ಎಲೆ. ನಿಪ್ಪಲು ಕ್ಯಾಲಿಪರಿನ ತಳದಲ್ಲಿ ನೆಲ ನೋಡುತ್ತ ಕೂತಿತ್ತು.

"ಇದು ಯಾಕೋ ಕೆಳಗೆ ನೋಡ್ತಿದೆ? ಮೇಲೆ ಇರಬೇಕಲ್ವಾ?"

"ಅದು… ಎಡಗಡೇದು ಬಲಕ್ಕೆ ಹೋಗ್ಬಿಟ್ಟಿದೆ ಭಾವ. ಬಲಗಡೇದು ಎಡಕ್ಕೆ ಬಂದ್ಬಿಟ್ಟಿದೆ."

ಅವು ತಾವಾಗಿಯೇ ಎದ್ದು ನಡೆದುಹೋಗಿ ಮನೆ ಬದಲಾಯಿಸಿಕೊಂಡ ಹಾಗಿತ್ತು ಅವನ ಮಾತಿನ ಧಾಟಿ. ಎರಡನ್ನೂ ಒಂದೇ ಬಾಣಲೆಯಲ್ಲಿ ತೊಳೆದಿದ್ದ, ಎತ್ತುವಾಗ ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಕಡೆ ಕೂರಿಸಿದ್ದ. ಅವು ಕೂತವು ಕೂಡ. ನಿಪ್ಪಲು ಮಾತ್ರ ತಲೆಕೆಳಗಾಯಿತು. ಗಾಳಿ ಮೇಲಿನ ಮೂಲೆಯಲ್ಲಿ ಮನೆ ಮಾಡಿಕೊಂಡು ಕೂತಿತು, ಕೆಳಗಿನ ಬಾಗಿಲಿನಿಂದ ಬರೀ ಆಯಿಲು ಬಂತು. ಆಯಿಲನ್ನು ಯಾರೂ ಹಿಂಡಿ ಚಿಕ್ಕದು ಮಾಡಲಾರರು, ಗಾಳಿಯನ್ನು ಮಾಡಬಹುದು. ಇಷ್ಟು ದಿನ ಒತ್ತಿದವರ ಕಾಲಿನ ಬಲವೆಲ್ಲ ಆ ಗಾಳಿಯನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತಿತ್ತು.

ಮೇಷ್ಟ್ರು ನೆಲದಿಂದ ಏಳದೆ ಹೆಂಡತಿಯ ಕಡೆ ನೋಡಿದರು. ಈಗ ಸಿಡಿಲು ಬೀಳುವುದು ಯಾರ ತಲೆಗೆ ಎಂಬುದಷ್ಟೇ ಉಳಿದಿತ್ತು.

"ನಂಗೊತ್ತಿತ್ತು" ಎಂದಳು ಅವಳು.

"ಏನು ಗೊತ್ತಿತ್ತು?"

"ಇವನು ಮುಟ್ಟಿದ್ದಾನೆ ಅಂತ. ಅವತ್ತಿಂದ ನಾನು ಆ ಕಾರು ಹತ್ತಿದ್ದು ಒಂದು ಸಲನಾದ್ರೂ ನೋಡಿದ್ದೀರಾ?"

ಮೇಷ್ಟ್ರು ನೆನಪಿಸಿಕೊಂಡರು. ನಡೆದರೆ ಮೈಗೆ ಒಳ್ಳೆಯದು ಎಂದಿದ್ದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಸಿಗುತ್ತೆ ಎಂದಿದ್ದಳು. ಒಂದು ದಿನ ಕಾರಿನ ವಾಸನೆಗೆ ತಲೆ ಸುತ್ತುತ್ತೆ ಎಂದೂ ಹೇಳಿದ್ದಳು.

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ದಿನಾ ಬ್ರೇಕ್ ಬಗ್ಗೆ ಭಾಷಣ ಮಾಡ್ತೀರಿ. ನಿಮ್ಮ ಬ್ರೇಕ್ ಕೆಟ್ಟಿದ್ರೆ ನಿಮಗೆ ಗೊತ್ತಾಗಲ್ವಾ ಅಂದ್ಕೊಂಡೆ. ನೀವ್ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಮದುವೆ ಫೋಟೊ ನೋಡಿ ನಕ್ಕಿದ್ದಕ್ಕೇ ಮಾತು ಬಿಟ್ಟವಳು ನೀನು. ತಮ್ಮನ್ನ ಅಂದ್ರೆ…"

"ಅಯ್ಯೋ, ತಮ್ಮನ್ನ ಅಂದಿದ್ದಕ್ಕಾ? ಅಷ್ಟು ಫೋಟೊದಲ್ಲಿ ತಲೆ ಬಂದಿದ್ದು ನಮ್ಮಮ್ಮಂದೊಂದೇ. ನೀವು ಆ ಫೋಟೊ ನೋಡಿ ಎಲ್ಲಕ್ಕಿಂತ ಜಾಸ್ತಿ ನಕ್ರಿ, ಅದಕ್ಕೆ ಮಾತು ಬಿಟ್ಟಿದ್ದು."

ಭಾಮೈದ, "ಆ ಕ್ಯಾಮೆರಾನೇ ಸರಿ ಇರ್ಲಿಲ್ಲ ಅಕ್ಕ" ಎಂದ. ಅವನ ಕಡೆ ಯಾರೂ ತಿರುಗಲಿಲ್ಲ.

ತಿರುಗಿದ್ದು ನರ್ಸಮ್ಮನ ಕಡೆ. ಅವಳು ದನಿ ಏರಿಸದೆ, ವಾರ್ಡಿನಲ್ಲಿ ಮಾತಾಡುವ ಹಾಗೆ ಹೇಳಿದಳು, "ಅಂದ್ರೆ ನೀವಿಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಕೊಂಡು, ನನ್ನನ್ನ ಆ ಕಾರಲ್ಲಿ ಕೂರಿಸಿದ್ರಿ. ಆ ಕಾಲೇಜು ಹುಡುಗೀರ್ನೂ."

ಈ ಮಾತಿಗೆ ಇಂಡಿಕೇಟರ್ ಹಾಕಿ ಎನ್ನಲು ಮೇಷ್ಟ್ರಿಗೆ ಆಗಲಿಲ್ಲ. ಗುಮಾಸ್ತನ ಖಾಲಿ ಕುರ್ಚಿ ಕಣ್ಣ ಮುಂದೆ ಬಂತು. ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

ಉಳಿದದ್ದು ಕೆಲಸ. ಭಾಮೈದ ಕ್ಯಾಲಿಪರುಗಳನ್ನು ಬಿಚ್ಚಿದ. ಈ ಸಲ ಅಕ್ಕ ಸೀಮೆಸುಣ್ಣದಲ್ಲಿ ಒಂದರ ಮೇಲೆ 'ಎ', ಇನ್ನೊಂದರ ಮೇಲೆ 'ಬ' ಎಂದು ಬರೆದು, ಮಗುವಿಗೆ ಚಪ್ಪಲಿ ಹಾಕಿಸುವವಳಂತೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಎರಡೂ ಅದರದರ ಕಡೆಗೆ ಹೋದ ಮೇಲೆ ನಿಪ್ಪಲುಗಳು ತಲೆ ಎತ್ತಿ ಆಕಾಶ ನೋಡಿದವು. ಹೊಸ ವಾಷರು ಹಾಕಿ ಬಿಗಿದು, ಡಬ್ಬಿಗೆ ಹೊಸ ಆಯಿಲು ಸುರಿದರು. ಅದು ನಡುವೆ ಬರಿದಾದರೆ ಮತ್ತೆ ಗಾಳಿ ಹೊಗುತ್ತದೆಂದು ಅದರ ಕಾವಲಿಗೆ ನರ್ಸಮ್ಮ ನಿಂತಳು. ಬಾಟಲಿಯ ಮಟ್ಟದ ಮೇಲೆ ಕಣ್ಣಿಟ್ಟು ನಿಲ್ಲುವುದು ಅವಳಿಗೆ ಹೊಸದಲ್ಲ. ಪೆಡಲಿಗೆ ಹೆಂಡತಿ ಕೂತಳು, ಬಾಟಲಿ ಹಿಡಿಯಲು ಮೇಷ್ಟ್ರು.

"ಒತ್ತು ಅಕ್ಕ. ಹಿಡಿ." ಭಾಮೈದ ನಿಪ್ಪಲು ಸಡಿಲಿಸಿದ.

ಕೊಳವೆ ಕೆಮ್ಮಿತು. ಗೊಳಗೊಳನೆ ಗುಳ್ಳೆಗಳು, ದೊಡ್ಡವು, ಸಣ್ಣವು, ಸಾಲುಸಾಲಾಗಿ ಬಂದವು. ಮೇಷ್ಟ್ರು ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ಸೂಚನೆ ಎಂದು ತಾವು ಇಷ್ಟು ದಿನ ಪಾಠ ಮಾಡಿದ್ದು ಇದನ್ನೇ, ಬರೀ ಗಾಳಿಯನ್ನು.

"ಮುಚ್ಚಿದೆ. ಈಗ ಬಿಡು. ಮತ್ತೆ ಒತ್ತು." ಒಂದು ಕಡೆ ಗುಳ್ಳೆ ನಿಂತ ಮೇಲೆ ಇನ್ನೊಂದು ಕಡೆ. ಅದೂ ಮುಗಿಯುವ ಹೊತ್ತಿಗೆ ಹೆಂಡತಿ ಒಳಗಿನಿಂದ, "ಗಟ್ಟಿಯಾಯ್ತು! ಕಲ್ಲು ಥರ ಇದೆ" ಎಂದು ಕೂಗಿದಳು. ಮೇಷ್ಟ್ರು ತಾವೇ ಕೂತು ಒತ್ತಿ ನೋಡಿದರು. ಅರ್ಧಕ್ಕೂ ಮೊದಲೇ ಪೆಡಲು ಕಾಲಿಗೆ ಎದುರು ನಿಂತಿತು. ಖಾಲಿ ಬೀದಿಯಲ್ಲಿ ನಿಧಾನಕ್ಕೆ ಓಡಿಸಿ ನಿಲ್ಲಿಸಿದಾಗ ಹಳೇ ರೂಢಿಯಿಂದ ಎರಡನೆಯ ಸಲವೂ ಒತ್ತಿ, ಆಗಲೇ ನಿಂತ ಕಾರನ್ನು ಇನ್ನೊಮ್ಮೆ ನಿಲ್ಲಿಸಿದರು.

ಮಾರನೆಯ ದಿನ ವಿದ್ಯಾರ್ಥಿಗಳೆಲ್ಲ ಬೆಂಚಿನ ಮೇಲೆ ಕೂತಿದ್ದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಇವತ್ತಿನಿಂದ ನಮ್ಮ ಸ್ಕೂಲಲ್ಲಿ ಒಂದೇ ಸಲ ಒತ್ತುವ ಸುಧಾರಿತ ಪದ್ಧತಿ…" ಎಂದು ಸುರು ಮಾಡಿದರು. ಮೇಜಿನ ಹಿಂದೆ ಸ್ಟಾಂಪು ಗಾಳಿಯಲ್ಲೇ ನಿಂತಿತು. ಹೆಂಡತಿ ತಲೆ ಎತ್ತಿ ನೋಡುತ್ತಿದ್ದಳು. ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು.

"ಪದ್ಧತಿಗಿದ್ಧತಿ ಏನೂ ಇಲ್ಲ. ಬ್ರೇಕ್ ಕೆಟ್ಟಿತ್ತು. ನಂಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮನ್ನ ಕೂರಿಸ್ದೆ. ತಪ್ಪು."

ಕಾಲೇಜು ಹುಡುಗಿಯೊಬ್ಬಳು ಕೈ ಎತ್ತಿದಳು. "ಸಾರ್, ಹಾಗಾದ್ರೆ ಮೊನ್ನೆ ನನ್ನ ಕಾಲು ಸರಿಯಿಲ್ಲ ಅಂತ ಬೈದ್ರಲ್ಲ?"

"ನಿನ್ನ ಕಾಲು ಸರಿಯಾಗೇ ಇತ್ತಮ್ಮ."

ಆಗಲೇ ಲೈಸೆನ್ಸ್ ತೆಗೆದುಕೊಂಡು ಹೋದವರಿಗೆಲ್ಲ ಅವರು ಒಬ್ಬೊಬ್ಬರಿಗೇ ಫೋನು ಮಾಡಿದರು. ಕೆಲವರು ಬೈದರು, ಕೆಲವರು ನಕ್ಕರು. ದರ್ಜಿ ಮಾತ್ರ ಒಪ್ಪಲಿಲ್ಲ. "ಇಲ್ಲ ಮೇಷ್ಟ್ರೇ, ಬಹಳ ಒಳ್ಳೆ ಪದ್ಧತಿ ಅದು. ನಮ್ಮ ಮಾವನಿಗೂ ಕಲಿಸಿದ್ದೀನಿ" ಎಂದ. ಅವನನ್ನು ಒಪ್ಪಿಸಲು ಮೇಷ್ಟ್ರು ಪಟ್ಟ ಪಾಡು ಬೇರೆ ಕತೆಯಷ್ಟಿದೆ. ಸುಳ್ಳನ್ನು ಅಷ್ಟು ಚೆನ್ನಾಗಿ ಕಲಿಸಿದ್ದರು.

ನರ್ಸಮ್ಮ ಮರುಪರೀಕ್ಷೆಯಲ್ಲಿ ಪಾಸಾದಳು. ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಎಲ್ಲಿಗೆ ಬೇಕಾದ್ರೂ ಕರ್ಕೊಂಡ್ ಹೋಗ್ತೀನಮ್ಮ" ಎಂದು ಹೇಳಿ, ಹೇಳಿದ ಹಾಗೇ ಕರೆದುಕೊಂಡು ಹೋದಳು. ಸೊಸೆಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ. ಭಾಮೈದ ಗ್ಯಾರೇಜಿನ ಮುಂದೆ ಹೊಸ ಬೋರ್ಡು ಹಾಕಿಸಿದ: 'ಇಲ್ಲಿ ಮೆತ್ತಗಿನ ಬ್ರೇಕುಗಳನ್ನು ಗಟ್ಟಿ ಮಾಡಿಕೊಡಲಾಗುವುದು'. ಮೆತ್ತಗೆ ಮಾಡಿದ್ದು ಯಾರೆಂದು ಬರೆಯಲು ಬೋರ್ಡಿನಲ್ಲಿ ಜಾಗ ಸಾಲಲಿಲ್ಲ.

ಒಂದು ಸಂಜೆ ಸ್ಕೂಲಿಗೆ ಬೀಗ ಹಾಕುವಾಗ ಹೆಂಡತಿ ಬಸ್‌ಸ್ಟಾಪಿನ ಕಡೆ ಹೋಗದೆ ಕಾರಿನ ಬಾಗಿಲು ತೆಗೆದು ಕೂತಳು. ಮೇಷ್ಟ್ರು ಕಾರು ಹೊರಡಿಸಿದರು. ಇಳಿಜಾರಿನ ಕೊನೆಯಲ್ಲಿ ಕೆಂಪು ದೀಪ ಬಿತ್ತು. ಮೇಷ್ಟ್ರು ಒತ್ತಿದರು, ಕಾರು ನಿಂತಿತು. ಆಗ ಅವರ ಕಣ್ಣು ಪಕ್ಕಕ್ಕೆ ಹೋಯಿತು. ಹೆಂಡತಿ ಚಪ್ಪಲಿ ಬಿಚ್ಚಿಟ್ಟು, ತನ್ನ ಕಡೆಯ ಪೆಡಲಿನ ಮೇಲೆ ಬರಿಗಾಲನ್ನು ಇಟ್ಟುಕೊಂಡೇ ಕೂತಿದ್ದಳು.

"ಇರಲಿ" ಎಂದಳು ಅವಳು, ಮುಂದೆ ನೋಡುತ್ತ. "ಹಸಿರು ಬಿತ್ತು, ನಡೀರಿ."